ಸ್ಪರ್ಧೆಯ ಕವಚಕ್ಕೆ ಇವಿಎ ಫೋಮ್ ಹಾಳೆ: ಎರಡು ವೇಷ ಕಟ್ಟಿದ ಮೇಲೆ ಬರೆದ ವಿಮರ್ಶೆ

ವೈಜ್ಞಾನಿಕ ಕಥೆ ಮತ್ತು ಅದ್ಭುತ ಕಥೆಗಳ ಅಭಿಮಾನಿಗಳು ಸೇರುವ ಸಮ್ಮೇಳನಗಳಲ್ಲಿ ನಡೆಯುವ ವೇಷ ಸ್ಪರ್ಧೆಗೆ, ಅಂದರೆ ಈಗ ಎಲ್ಲರೂ ಕಾಸ್‌ಪ್ಲೇ ಎಂದು ಕರೆಯುವ ಸ್ಪರ್ಧೆಗೆ, ಕವಚ ತೊಟ್ಟ ಪಾತ್ರವನ್ನು ಆರಿಸಿಕೊಂಡವರು ಮೊದಲು ಯೋಚಿಸಬೇಕಾದದ್ದು ಆ ಕವಚವನ್ನು ಯಾವುದರಿಂದ ಮಾಡಬೇಕು ಎಂಬುದನ್ನು. ನಾನು ಬೆಂಗಳೂರಿನಲ್ಲಿ ಇಂಥ ಸ್ಪರ್ಧೆಗೆ ಎರಡು ಸಲ ಇಳಿದಿದ್ದೇನೆ. ಎರಡು ಸಲವೂ ಎದೆಕವಚ, ಭುಜಪಟ್ಟಿ, ತೋಳುಗಾಪು, ಮೊಣಕಾಲಿನ ಚಿಪ್ಪು ಎಲ್ಲವನ್ನೂ ಇವಿಎ ಫೋಮ್ ಹಾಳೆಯಿಂದಲೇ ಮಾಡಿದೆ. ಅಂಗಡಿಯಲ್ಲಿ ಸುರುಳಿಯಾಗಿ ನಿಂತಿರುವ ಈ ಬೂದುಬಣ್ಣದ ಹಾಳೆ ವೇದಿಕೆಗೆ ಅತ್ಯುತ್ತಮ ವಸ್ತು. ಆದರೆ ತೀರ್ಪುಗಾರರ ಮೇಜಿನ ಮುಂದೆ ಅದು ತಾನಾಗಿ ಗೆಲ್ಲುವುದಿಲ್ಲ, ಗೆಲ್ಲುವಂತೆ ಮಾಡಲು ನಾವು ವಾರಗಟ್ಟಲೆ ದುಡಿಯಬೇಕು. ಕೊಳ್ಳುವ ಮೊದಲು ಈ ವ್ಯತ್ಯಾಸ ಗೊತ್ತಿದ್ದರೆ ಹಣವನ್ನೂ ಸಮಯವನ್ನೂ ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ.

ಇವಿಎ ಎಂಬುದು ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಸೇರಿ ಆದ ಪ್ಲಾಸ್ಟಿಕ್. ಅದನ್ನು ಉಬ್ಬಿಸಿ, ಒಳಗೆಲ್ಲ ಮುಚ್ಚಿದ ಸಣ್ಣ ಗುಳ್ಳೆಗಳಿರುವಂತೆ ಹಾಳೆ ಮಾಡುತ್ತಾರೆ. ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರದ ಕಾರಣ ಇದು ಹಾಸಿಗೆಯ ಸ್ಪಂಜಿನಂತೆ ನೀರು ಹೀರುವುದಿಲ್ಲ, ಅಂಚನ್ನು ಬ್ಲೇಡಿನಿಂದ ಕತ್ತರಿಸಿದರೆ ಗೀಟು ಎಳೆದಷ್ಟು ನೇರವಾಗಿ ಬರುತ್ತದೆ. ನಾವು ದಿನವೂ ಮೆಟ್ಟುವ ಹಗುರ ಚಪ್ಪಲಿ, ಓಟದ ಶೂಗಳ ನಡು ಅಟ್ಟೆ, ಮಕ್ಕಳು ಆಡುವ ಕೋಣೆಗೆ ಹಾಸುವ ಹಲ್ಲುಹಲ್ಲಿನ ಚಾಪೆ ಇವೆಲ್ಲ ಬಹುಮಟ್ಟಿಗೆ ಇದೇ ವಸ್ತುವಿನವು. ನಾನು ಮೊದಲ ಸಲ ಹಾಳೆ ಕೇಳಲು ಹೋದಾಗ ಅಂಗಡಿಯವರು "ಜಿಮ್ಮಿಗಾ ಮೇಡಂ, ಪ್ಯಾಕಿಂಗಿಗಾ?" ಎಂದು ಕೇಳಿದ್ದರು. ವೇಷಕ್ಕೆಂದಾಗ ಅವರು ಇನ್ನೊಂದು ಸುರುಳಿ ತೆಗೆದು ತೋರಿಸಿದರು. ಮೊದಲು ಕೈಗೆತ್ತಿಕೊಂಡದ್ದಕ್ಕಿಂತ ಅದು ಹೆಚ್ಚು ಗಟ್ಟಿಯಾಗಿತ್ತು. ಎಲ್ಲ ಫೋಮ್ ಹಾಳೆಗಳೂ ಒಂದೇ ಅಲ್ಲ ಎಂದು ನನಗೆ ತಿಳಿದದ್ದು ಅಲ್ಲಿ.

ಕೊಳ್ಳುವಾಗ ದಪ್ಪಕ್ಕಿಂತ ಮೊದಲು ನೋಡಬೇಕಾದದ್ದು ಸಾಂದ್ರತೆ. ಘನ ಮೀಟರಿಗೆ 100 ಕಿಲೊ ಸಾಂದ್ರತೆಯ 5 ಮಿಲಿಮೀಟರ್ ಹಾಳೆ ಚದರ ಮೀಟರಿಗೆ ಸರಿಯಾಗಿ ಅರ್ಧ ಕಿಲೊ ತೂಗುತ್ತದೆ. ಇದು ನೆನಪಿದ್ದರೆ ಅಂಗಡಿಯ ತಕ್ಕಡಿಯಲ್ಲೇ ಪರೀಕ್ಷಿಸಿಕೊಳ್ಳಬಹುದು: ಅದೇ ಅಳತೆಯ ಹಾಳೆ 200 ಗ್ರಾಮಿನ ಆಸುಪಾಸಿನಲ್ಲಿ ತೂಗಿದರೆ ಅದು ಪ್ಯಾಕಿಂಗಿನ ಮೆದು ಫೋಮ್. ಅದರಲ್ಲಿ ಕವಚ ಮಾಡಿದರೆ ಬೆರಳೊತ್ತಿದ ಗುರುತು ಹಾಗೆಯೇ ಉಳಿಯುತ್ತದೆ, ಬಿಸಿಗಾಳಿ ತಾಗಿಸಿದರೆ ಮೇಲ್ಮೈ ಸುಕ್ಕುಗಟ್ಟುತ್ತದೆ. ತಕ್ಕಡಿ ಇಲ್ಲದಿದ್ದರೆ ಉಗುರಿನಿಂದ ಒತ್ತಿ ನೋಡಿ. ಗುರುತು ಕೂಡಲೇ ಮಾಯವಾದರೆ ಹಾಳೆ ಒಳ್ಳೆಯದು. ಎರಡನೆಯ ವೇಷಕ್ಕೆ ನಾನು ದೂರದ ವ್ಯಾಪಾರಿಯೊಬ್ಬರಿಂದ ತರಿಸಿಕೊಂಡ ಹಾಳೆಗಳಲ್ಲಿ ಒಂದು ಕಂತು ಗಟ್ಟಿಯಾಗಿತ್ತು, ಇನ್ನೊಂದು ಕಂತು ಅದೇ ಹೆಸರಿನಲ್ಲಿ ಬಂದರೂ ಮೆದುವಾಗಿತ್ತು. ಎಡಭುಜಕ್ಕೆ ಒಂದು, ಬಲಭುಜಕ್ಕೆ ಇನ್ನೊಂದು ಬಳಸಿದ್ದರೆ ಎರಡೂ ಬೇರೆಬೇರೆ ರೀತಿಯಲ್ಲಿ ಬಾಗುತ್ತಿದ್ದವು. ಒಂದು ವೇಷಕ್ಕೆ ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಸುರುಳಿಯಿಂದ ಕೊಳ್ಳುವುದು ಕ್ಷೇಮ.

ದಪ್ಪದ ವಿಚಾರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 5 ಮಿಲಿಮೀಟರ್ ಹಾಳೆ. ಎದೆ, ಬೆನ್ನು, ಭುಜಗಳಿಗೆ 10 ಮಿಲಿಮೀಟರ್ ಬೇಕೆಂದು ಅನೇಕರು ಹೇಳುತ್ತಾರೆ; ದೈತ್ಯಾಕಾರದ ಪಾತ್ರಕ್ಕೆ ಅದು ಸರಿ, ಆದರೆ ನನ್ನಂಥ ಕುಳ್ಳ ಮೈಕಟ್ಟಿನವರಿಗೆ ತೋಳು ಎತ್ತಲು ಆಗದಷ್ಟು ದಪ್ಪವಾಗುತ್ತದೆ. ಅಂಚಿನ ಪಟ್ಟಿ, ಬಳ್ಳಿ, ಕೆತ್ತನೆಯಂಥ ಅಲಂಕಾರಗಳಿಗೆ 2 ಮಿಲಿಮೀಟರ್ ಸಾಕು. ಜಿಮ್ಮಿನ ಹಲ್ಲು ಚಾಪೆ ಅಗ್ಗವಾಗಿ ಸಿಗುವುದು ನಿಜ, ಆದರೆ ಅದರ ಒಂದು ಮಗ್ಗುಲಲ್ಲಿ ಜಾರದಂತೆ ಗೆರೆಗಳ ಅಚ್ಚು ಇರುತ್ತದೆ. ಆ ಮಗ್ಗುಲನ್ನು ಒಳಗೆ ಹಾಕಿದರೂ ತೀರ್ಪುಗಾರರು ಒಳಮೈ ತಿರುಗಿಸಿ ನೋಡುತ್ತಾರೆ ಎಂಬುದನ್ನು ಮರೆಯಬಾರದು.

ಅವರು ಹಾಗೇಕೆ ನೋಡುತ್ತಾರೆ ಎಂಬುದಕ್ಕೆ ಈ ಸ್ಪರ್ಧೆಗಳ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯ ಕಾಲದ ಉಡುಪು ತೊಟ್ಟು ಬಂದಿದ್ದರು. ಆ ಎರಡೂ ಉಡುಪುಗಳನ್ನು ಮಾಡಿದವರು ಡಗ್ಲಸ್. ಮರುವರ್ಷ ಶಿಕಾಗೊದಲ್ಲಿ ನಡೆದ ಸಮ್ಮೇಳನದಲ್ಲಿ ವೇಷಗಳ ಸ್ಪರ್ಧೆಯೇ ಏರ್ಪಟ್ಟಿತು. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ ಇಂದಿಗೂ ಎರಡು ಬಗೆಯ ತೀರ್ಪು ಇರುತ್ತದೆ. ಒಂದು, ವೇದಿಕೆಯ ಮೇಲೆ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ತೋರಿಸುವ ಪ್ರದರ್ಶನದ ತೀರ್ಪು. ಇನ್ನೊಂದು, ತೆರೆಯ ಹಿಂದೆ ಹೊಲಿಗೆ, ಜೋಡಣೆ, ಬಣ್ಣಗಳನ್ನು ಕೈಯಳತೆಯಲ್ಲಿ ಪರೀಕ್ಷಿಸುವ ಕೈಕೆಲಸದ ತೀರ್ಪು. ಅಂತಾರಾಷ್ಟ್ರೀಯ ವೇಷಗಾರರ ಸಂಘದ ಮಾರ್ಗಸೂತ್ರಗಳು ಸ್ಪರ್ಧಿಗಳನ್ನು ಹೊಸಬರು, ಪಳಗುತ್ತಿರುವವರು, ನುರಿತವರು ಎಂದು ವಿಂಗಡಿಸುತ್ತವೆ. ಮೊದಲ ಸಲ ಸೂಜಿ ಹಿಡಿದವರು ಇಪ್ಪತ್ತು ವರ್ಷದ ಅನುಭವಿಯ ಎದುರು ನಿಲ್ಲಬೇಕಾಗುವುದಿಲ್ಲ. ಇದು ನನಗೆ ಬಹಳ ಮೆಚ್ಚುಗೆಯಾದ ವ್ಯವಸ್ಥೆ. ನಮ್ಮಲ್ಲಿನ ಸ್ಪರ್ಧೆಗಳಲ್ಲಿ ಕಾಮಿಕ್ಸ್, ಅನಿಮೆ, ಗೇಮ್ ಎಂದು ಪಾತ್ರದ ಮೂಲವನ್ನು ನೋಡಿ ಗುಂಪು ಮಾಡುವುದು ಹೆಚ್ಚು, ಮಾಡಿದವರ ಅನುಭವವನ್ನು ನೋಡಿ ಗುಂಪು ಮಾಡುವುದು ಕಡಿಮೆ.

ವಸ್ತುವಿನ ಆಯ್ಕೆ ಸ್ಪರ್ಧಿಯೊಬ್ಬರ ಖಾಸಗಿ ವಿಷಯ ಮಾತ್ರವಲ್ಲ ಎಂಬುದಕ್ಕೂ ಇದೇ ಚರಿತ್ರೆಯಲ್ಲಿ ಉದಾಹರಣೆ ಇದೆ. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಒಬ್ಬ ಸ್ಪರ್ಧಿ ಮೈತುಂಬ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ವೇದಿಕೆಗೆ ಬಂದಿದ್ದರು. ದೀಪಗಳ ಬಿಸಿಗೆ ಅದು ಕೆಟ್ಟು ನಾರತೊಡಗಿತು, ತಾಗಿದ ಕಡೆಯೆಲ್ಲ ಮೆತ್ತಿಕೊಂಡಿತು. ಆ ಬಳಿಕ ಅನೇಕ ಸಮ್ಮೇಳನಗಳ ನಿಯಮಾವಳಿಯಲ್ಲಿ ಕಡಲೆಕಾಯಿ ಬೆಣ್ಣೆಯ ವೇಷ ಸಲ್ಲದು ಎಂಬ ಸಾಲು ಸೇರಿತು. ಪಕ್ಕದವರ ತಿಂಗಳುಗಳ ಕೆಲಸವನ್ನು ಕೆಡಿಸುವ ಯಾವುದನ್ನೂ ತರಬಾರದು ಎಂಬುದೇ ಅದರ ಅರ್ಥ. ಈ ದೃಷ್ಟಿಯಿಂದ ಫೋಮ್ ಬಹಳ ಸಭ್ಯ ವಸ್ತು. ಕಿಕ್ಕಿರಿದ ಸಾಲಿನಲ್ಲಿ ನನ್ನ ಭುಜಪಟ್ಟಿ ಇನ್ನೊಬ್ಬರಿಗೆ ತಾಗಿದರೆ ಅವರಿಗೆ ಗಾಯವಾಗುವುದಿಲ್ಲ, ಅವರ ರೇಷ್ಮೆ ಹರಿಯುವುದಿಲ್ಲ. ತಗಡಿನ ಅಂಚಿನ ವಿಷಯದಲ್ಲಿ ಈ ಮಾತು ಹೇಳಲಾಗದು.

ಕರಾವಳಿಯ ಕಡೆಯವಳಾದ ನನಗೆ ಈ ಹಾಳೆಯಲ್ಲಿ ಭುಜಪಟ್ಟಿ ಕತ್ತರಿಸುವಾಗಲೆಲ್ಲ ಯಕ್ಷಗಾನದ ಭುಜಕೀರ್ತಿ ನೆನಪಾಗುತ್ತಿತ್ತು. ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಅಂಟಿಸಿದ ಆ ಆಭರಣಗಳು ದೂರದಿಂದ ಚಿನ್ನದಂತೆ ಹೊಳೆಯುತ್ತವೆ, ಕುಣಿಯುವವರಿಗೆ ರಾತ್ರಿಯಿಡೀ ಹೊರೆಯಾಗುವುದಿಲ್ಲ. ವೇದಿಕೆಗೆ ಬೇಕಾದದ್ದು ಭಾರವಲ್ಲ, ಭಾರದ ನೋಟ. ಫೋಮ್ ಈ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ. ನನ್ನ ಎರಡನೆಯ ವೇಷದ ಕವಚ ಪಟ್ಟಿ, ಬಕಲ್ ಎಲ್ಲ ಸೇರಿ ಎರಡೂವರೆ ಕಿಲೊ ಇತ್ತು. ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ನನ್ನ ತಂಗಿಗೆ ಅದು ಕಬ್ಬಿಣದಂತೆ ಕಂಡಿತ್ತು.

ಈಗ ಕೆಲಸದ ವಿಚಾರ. ಮೈಗೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಕಾಗದದ ಅಂಟುಪಟ್ಟಿ ಮೆತ್ತಿ, ಕವಚದ ಗೆರೆಗಳನ್ನು ಅದರ ಮೇಲೆಯೇ ಬರೆದು, ಆಮೇಲೆ ಬಿಡಿಸಿ ಕತ್ತರಿಸಿದರೆ ಸ್ವಂತ ಅಳತೆಯ ನಕ್ಷೆ ಸಿಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ನಕ್ಷೆಗಳಿಗಿಂತ ಇದು ಎಷ್ಟೋ ಮೇಲು. ಕತ್ತರಿಸುವ ಬ್ಲೇಡ್ ಹೊಸದಾಗಿರಬೇಕು. ಈ ಫೋಮ್ ಬ್ಲೇಡನ್ನು ನಿರೀಕ್ಷೆಗಿಂತ ಬೇಗ ಮೊಂಡು ಮಾಡುತ್ತದೆ, ಮೊಂಡು ಬ್ಲೇಡ್ ಅಂಚನ್ನು ಕಚ್ಚಿ ಕಚ್ಚಿ ಹರಿಯುತ್ತದೆ. ನಾನು ಎದೆಕವಚ ಒಂದಕ್ಕೇ ಕಟ್ಟರಿನ ಬ್ಲೇಡನ್ನು ಎಂಟು ಹತ್ತು ಸಲ ಮುರಿದು ಹೊಸ ಮೊನೆ ತೆಗೆದುಕೊಂಡೆ. ಬಾಗು ಕೊಡಲು ಹೀಟ್ ಗನ್ನಿನಿಂದ ಬಿಸಿಗಾಳಿ ಹಾಯಿಸಬೇಕು. ಹಾಳೆ ಮೆತ್ತಗಾದಾಗ ಪಾತ್ರೆಯ ತಳದ ಮೇಲೋ ಮೊಣಕಾಲಿನ ಮೇಲೋ ಒತ್ತಿ ಹಿಡಿದು ತಣಿಯಲು ಬಿಟ್ಟರೆ ಆ ಆಕಾರ ನಿಲ್ಲುತ್ತದೆ. ಅಡುಗೆಮನೆಯ ಉಕ್ಕಿನ ಬೋಗುಣಿಯ ತಳ ಭುಜಕ್ಕೆ ಹೇಳಿ ಮಾಡಿಸಿದಂತಿತ್ತು. ಮೇಲ್ಮೈಯಲ್ಲಿ ಬ್ಲೇಡಿನಿಂದ ಅರ್ಧ ಆಳಕ್ಕೆ ಗೀರಿ ಬಿಸಿಗಾಳಿ ತಾಗಿಸಿದರೆ ಆ ಗೀರು ತೆರೆದುಕೊಂಡು ಕೆತ್ತಿದ ಗೆರೆಯಾಗುತ್ತದೆ. ಈ ವಸ್ತುವಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕ್ಷಣ ಅದು.

ಅಂಟಿನ ವಿಷಯವನ್ನು ನಾನು ಕಲಿತದ್ದು ನಮ್ಮ ಬೀದಿಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರಿಂದ. ಮೊದಲ ವಾರ ನನ್ನ ಜೋಡಣೆಗಳೆಲ್ಲ ಬಿಟ್ಟುಕೊಳ್ಳುತ್ತಿದ್ದವು. ಒಂದು ತುಂಡನ್ನು ಅವರ ಬಳಿಗೆ ಒಯ್ದಾಗ ಅವರು ಅದನ್ನು ನೋಡಿದ ಕೂಡಲೇ ಅಟ್ಟೆಯ ಮಾಲು ಎಂದು ಗುರುತಿಸಿದರು. "ಅವಸರ ಮಾಡ್ಬೇಡಿ ಅಮ್ಮ. ಎರಡೂ ಕಡೆ ಹಚ್ಚಿ, ಆರಕ್ಕೆ ಬಿಡಿ. ಬೆರಳಿಟ್ರೆ ಅಂಟ್ಬಾರ್ದು, ಆಗ ಕೂಡ್ಸಿ" ಎಂದರು. ರಬ್ಬರ್ ಅಂಟಿನ ಗುಟ್ಟು ಪೂರ್ತಿಯಾಗಿ ಅಷ್ಟೇ. ಎರಡೂ ಅಂಚುಗಳಿಗೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಒಮ್ಮೆ ಒತ್ತಿದರೆ ಜೋಡಣೆ ಫೋಮಿಗಿಂತ ಗಟ್ಟಿಯಾಗುತ್ತದೆ. ಆದರೆ ಒತ್ತಿದ ಮೇಲೆ ಸರಿಪಡಿಸಲು ಅವಕಾಶವಿಲ್ಲ, ಆದ್ದರಿಂದ ನಕ್ಷೆಯಲ್ಲಿಯೇ ಎರಡೂ ತುಂಡುಗಳ ಅಂಚಿಗೆ ಒಂದಕ್ಕೊಂದು ಕೂಡುವ ಗುರುತುಗಳನ್ನು ಹಾಕಿಕೊಳ್ಳಬೇಕು. ಬಿಸಿ ಅಂಟಿನ ಗನ್ ಬಳಸುವುದು ಬೇಡ. ಅದು ಅಂಚಿನಲ್ಲಿ ದಪ್ಪ ಗೆರೆಯಾಗಿ ಉಳಿಯುತ್ತದೆ, ಬಿಸಿಲಿಗೆ ಮತ್ತೆ ಮೆತ್ತಗಾಗುತ್ತದೆ. ಇಂಥ ರಬ್ಬರ್ ಅಂಟುಗಳಲ್ಲಿ ಸಾಮಾನ್ಯವಾಗಿ ಟಾಲ್ವೀನ್‌ನಂಥ ದ್ರಾವಕಗಳಿರುತ್ತವೆ. ಅವುಗಳ ಆವಿಯನ್ನು ಬಟ್ಟೆಯ ಮಾಸ್ಕಾಗಲಿ ಧೂಳಿನ ಮಾಸ್ಕಾಗಲಿ ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಮಾಡಿದ ಡಬ್ಬಿ ಇರುವ ಮಾಸ್ಕ್ ಬೇಕು. ಬಾಲ್ಕನಿಯಲ್ಲಿ ಕೂತು ಮಾಡಿದರೂ ನಾನು ಅದನ್ನು ತೊಡದೆ ಅಂಟಿನ ಡಬ್ಬಿ ತೆರೆಯುವುದಿಲ್ಲ. ಹಸಿ ಅಂಟಿನ ಬಳಿ ಹೀಟ್ ಗನ್ ಹಚ್ಚಬಾರದು, ಆ ಆವಿಗೆ ಬೆಂಕಿ ಹತ್ತುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ಈ ಒಂದು ಕಾರಣಕ್ಕೇ ಈ ವಸ್ತುವಿನ ಬಗ್ಗೆ ಎರಡು ಸಲ ಯೋಚಿಸಬೇಕು.

ನನ್ನ ಮೊದಲ ವೇಷ ಇಷ್ಟೆಲ್ಲ ಆದ ಮೇಲೂ ತೆರೆಯ ಹಿಂದಿನ ಪರೀಕ್ಷೆಯಲ್ಲಿ ಹಿಂದೆ ಬಿತ್ತು. ಬಣ್ಣಕ್ಕೆ ನಾನು ಹತ್ತು ದಿನ ಕೊಟ್ಟಿದ್ದೆ, ಜೋಡಣೆಯ ಗೆರೆಗಳನ್ನು ತುಂಬಲು ಒಂದು ಸಂಜೆ. ತೀರ್ಪುಗಾರರಲ್ಲಿ ಒಬ್ಬರು ಭುಜಪಟ್ಟಿ ಬಿಚ್ಚಿಸಿಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು, ಬೆರಳಾಡಿಸಿ ನೋಡಿದರು. ಆಮೇಲೆ ಒಳಗಡೆ ತಿರುಗಿಸಿದರು; ಅಲ್ಲಿ ಅಂಟು ಸೋರಿ ಕಂದುಬಣ್ಣದ ಕಲೆಗಳಾಗಿದ್ದವು. "ಹೊರಗಡೆ ಲೋಹ, ಒಳಗಡೆ ಚಾಪೆ ಆಗಿದೆಯಲ್ಲ" ಎಂದು ಮೃದುವಾಗಿಯೇ ಹೇಳಿದರು. ಆ ಮಾತು ನ್ಯಾಯವಾಗಿತ್ತು. ಮೂವತ್ತು ಅಡಿ ದೂರದಿಂದ ಕಾಣದ ಗೆರೆ ಒಂದು ಅಡಿ ದೂರದಿಂದ ಕಾಣುವ ಮೊದಲ ವಸ್ತುವಾಗುತ್ತದೆ, ಏಕೆಂದರೆ ನಿಜವಾದ ಲೋಹದಲ್ಲಿ ಅಂಥ ಗೆರೆ ಆ ಜಾಗದಲ್ಲಿ ಇರುವುದೇ ಇಲ್ಲ.

ಎರಡನೆಯ ವೇಷದಲ್ಲಿ ಕ್ರಮವನ್ನು ಬದಲಿಸಿದೆ. ಅಂಚುಗಳನ್ನು ನೇರವಾಗಿ ಕೂಡಿಸುವ ಬದಲು ಓರೆಯಾಗಿ ಕತ್ತರಿಸಿ ಕೂಡಿಸಿದೆ. ಉಳಿದ ಸಂದಿಗೆ ಗೋಡೆ ಬಿರುಕಿಗೆ ಹಾಕುವ, ನೀರಿನಲ್ಲಿ ಕರಗುವ ಅಕ್ರಿಲಿಕ್ ಫಿಲ್ಲರನ್ನು ಒದ್ದೆ ಬೆರಳಿನಿಂದ ತೀಡಿದೆ. ಸಿಲಿಕೋನ್ ಫಿಲ್ಲರ್ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಳಿಕ ಚಿಕ್ಕ ಗ್ರೈಂಡರಿನ ಮರಳುಕಾಗದದ ಸುರುಳಿಯಿಂದ ಉಜ್ಜಿ, ಇಡೀ ಮೇಲ್ಮೈಗೆ ಬಿಸಿಗಾಳಿ ಹಾಯಿಸಿ, ಗುಳ್ಳೆಗಳ ಬಾಯಿ ಮುಚ್ಚಿ ಮೇಲ್ಮೈಗೆ ಒಂದು ಬಗೆಯ ನಯ ಬರುವವರೆಗೆ ಕಾದೆ. ಈ ಹಂತವನ್ನು ಬಿಟ್ಟರೆ ಫೋಮ್ ಬಣ್ಣವನ್ನು ಕುಡಿಯುತ್ತಲೇ ಹೋಗುತ್ತದೆ. ಅದರ ಮೇಲೆ ಮರಗೆಲಸದ ಬಿಳಿ ಫೆವಿಕಾಲನ್ನು ನೀರಿನಲ್ಲಿ ಕದಡಿ ನಾಲ್ಕು ಪದರ ಬಳಿದೆ. ಪ್ರತಿ ಪದರವೂ ಪೂರ್ತಿ ಆರಬೇಕಾದ್ದರಿಂದ ಮಳೆಗಾಲದಲ್ಲಿ ಇದಕ್ಕೇ ಮೂರು ದಿನ ಹಿಡಿಯಿತು. ಬಾಗುವ ಜಾಗಗಳಿಗೆ ಮಾತ್ರ ರಬ್ಬರಿನಂತೆ ಹಿಗ್ಗುವ ಸ್ಪ್ರೇ ಲೇಪನ ಉತ್ತಮ, ಬಿಳಿ ಅಂಟು ಅಲ್ಲಿ ಕಾಲಕ್ರಮೇಣ ಬಿರಿಯುತ್ತದೆ. ಒಳಮೈಗೆ ಕಪ್ಪು ಹತ್ತಿಬಟ್ಟೆ ಅಂಟಿಸಿದೆ. ಬಣ್ಣಕ್ಕೆ ಈ ಸಲ ಎರಡೇ ದಿನ ಸಿಕ್ಕಿತು, ಆದರೂ ಮೊದಲಿನದಕ್ಕಿಂತ ಚೆನ್ನಾಗಿ ಬಂತು. ಪ್ರತಿ ಹಂತದ ಫೋಟೊಗಳನ್ನು ಮುದ್ರಿಸಿ, ಪಾತ್ರದ ಮೂಲ ಚಿತ್ರದೊಡನೆ ಒಂದು ಕಡತದಲ್ಲಿ ಇಟ್ಟುಕೊಂಡು ಹೋಗಿದ್ದೆ. ತೀರ್ಪುಗಾರರಿಗೆ ಸಿಗುವುದು ಕೆಲವೇ ನಿಮಿಷ. ಇದನ್ನು ನಾನೇ ಮಾಡಿದೆನೆಂದು ಬಾಯಲ್ಲಿ ವಿವರಿಸುವುದಕ್ಕಿಂತ ಕಡತ ತೆರೆದಿಟ್ಟರೆ ಕೆಲಸ ಬೇಗ ಆಗುತ್ತದೆ. ಆ ಸಲ ನನಗೆ ಬಹುಮಾನ ಬರಲಿಲ್ಲವಾದರೂ ಕೊನೆಯ ಸುತ್ತಿನವರೆಗೆ ಹೋದೆ, ಒಳಮೈಯನ್ನು ತೀರ್ಪುಗಾರರಿಗೆ ನಾನೇ ತಿರುಗಿಸಿ ತೋರಿಸಿದೆ.

ತೊಡುವ ಅನುಭವದ ಬಗ್ಗೆ ಹೇಳುವುದಾದರೆ, ಈ ವಸ್ತುವಿನ ದೊಡ್ಡ ದೋಷ ಅದರ ಗುಣದಿಂದಲೇ ಹುಟ್ಟಿದ್ದು. ಮುಚ್ಚಿದ ಗುಳ್ಳೆಗಳ ಹಾಳೆಯಲ್ಲಿ ಗಾಳಿಯಾಡುವುದಿಲ್ಲ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ವೇದಿಕೆಯ ಮೇಲಿನ ಒಂದು ನಿಮಿಷಕ್ಕಾಗಿ ಮೂರು ನಾಲ್ಕು ಗಂಟೆ ಕವಚದಲ್ಲಿ ಕಾಯಬೇಕಾಗುತ್ತದೆ. ಬೆನ್ನಿನ ತುಂಡನ್ನು ಎರಡು ಭಾಗ ಮಾಡಿ, ನಡುವೆ ಬಟ್ಟೆಯ ಸಂದಿ ಬಿಟ್ಟು, ಮೇಲೆ ಮೇಲಂಗಿ ಇಳಿಬಿಟ್ಟದ್ದರಿಂದ ನನಗೆ ಸ್ವಲ್ಪ ಉಸಿರಾಡಲು ಆಯಿತು. ತೊಡೆಯ ಕವಚ ತೊಟ್ಟು ಒಮ್ಮೆ ಮನೆಯಲ್ಲೇ ಕುರ್ಚಿಯ ಮೇಲೆ ಕೂತು ನೋಡಿ. ಕೂರಲು ಆಗದಿದ್ದರೆ ಹಿಂಬದಿಯನ್ನು ಕತ್ತರಿಸಿ. ಇನ್ನೊಬ್ಬರ ನೆರವಿನಿಂದ ಎರಡು ನಿಮಿಷದಲ್ಲಿ ಬಿಚ್ಚಲು ಬರುವಂತೆ ಬಕಲ್‌ಗಳಿರಬೇಕು, ಇಲ್ಲವಾದರೆ ನೀರು ಕುಡಿಯಲು ಹೆದರುತ್ತೀರಿ, ನೀರು ಕುಡಿಯದೆ ಕವಚದಲ್ಲಿ ನಿಲ್ಲುವುದು ಅಪಾಯ.

ಬೇರೆ ವಸ್ತುಗಳೊಡನೆ ಹೋಲಿಸಿದರೆ, ಜರ್ಮನಿಯಲ್ಲಿ ತಯಾರಾಗುವ ವರ್ಬ್ಲಾ ಎಂಬ ಥರ್ಮೋಪ್ಲಾಸ್ಟಿಕ್ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ, ಅಂಟಿಲ್ಲದೆ ತನಗೆ ತಾನೇ ಹಿಡಿಯುತ್ತದೆ, ಉಳಿದ ಚೂರುಗಳನ್ನು ಮತ್ತೆ ಬಿಸಿ ಮಾಡಿ ಕಣಕದಂತೆ ನಾದಬಹುದು. ಸೂಕ್ಷ್ಮ ಕೆಲಸಕ್ಕೆ ಅದು ಫೋಮಿಗಿಂತ ಮೇಲು. ಆದರೆ ಹೊರದೇಶದಿಂದ ಬರಬೇಕಾದ್ದರಿಂದ ನಮ್ಮಲ್ಲಿ ದುಬಾರಿ, ಭಾರವೂ ಹೆಚ್ಚು. ಇಡೀ ಕವಚವನ್ನು ಅದರಲ್ಲಿ ಮಾಡದೆ ಕಿರೀಟ, ಕೊಂಬು, ಪದಕಗಳಿಗೆ ಮಾತ್ರ ಬಳಸುವುದು ಜಾಣತನ. ತ್ರೀಡಿ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿಯ ಸುಮಾರಿಗೇ ಮೆತ್ತಗಾಗತೊಡಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಸೊಟ್ಟಗಾದ ಶಿರಸ್ತ್ರಾಣವನ್ನು ನಾನು ಕಣ್ಣಾರೆ ನೋಡಿದ್ದೇನೆ. ಫೋಮಿಗೂ ಆ ಬಿಸಿ ಹಿತವಲ್ಲ. ವೈಟ್‌ಫೀಲ್ಡಿನ ಕಡೆಗೆ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಹೋಗುವಾಗ ನನ್ನ ಮೊದಲ ಕವಚ ಡಿಕ್ಕಿಯಲ್ಲಿತ್ತು. ಇಳಿಸುವಾಗ ಬಲಭುಜದ ಜೋಡಣೆಯೊಂದು ಬಾಯಿ ಬಿಟ್ಟಿತ್ತು. ಅಂದಿನಿಂದ ಅಂಟಿನ ಚಿಕ್ಕ ಟ್ಯೂಬು, ಕಪ್ಪು ಬಟ್ಟೆಯ ಅಂಟುಪಟ್ಟಿ, ಒಂದೆರಡು ಬಕಲ್ ಮತ್ತು ಬಣ್ಣದ ಸೀಸೆ ಇರುವ ಪೆಟ್ಟಿಗೆಯಿಲ್ಲದೆ ಮನೆ ಬಿಡುವುದಿಲ್ಲ. ಕವಚ ಈಗ ಹಿಂದಿನ ಸೀಟಿನಲ್ಲಿ ಪಯಣಿಸುತ್ತದೆ.

ಖರ್ಚಿನ ಲೆಕ್ಕ: ಎರಡನೆಯ ಕವಚಕ್ಕೆ ಹಾಳೆ, ಅಂಟು, ಲೇಪನ, ಬಣ್ಣ, ಪಟ್ಟಿಗಳೆಲ್ಲ ಸೇರಿ ನನಗೆ ಸುಮಾರು 7,000 ರೂಪಾಯಿ ಆಯಿತು. ಹೀಟ್ ಗನ್, ಗ್ರೈಂಡರ್ ಮತ್ತು ಮಾಸ್ಕ್ ಇದರಲ್ಲಿ ಸೇರಿಲ್ಲ. ಅವು ಮೊದಲ ವರ್ಷವೇ ಕೊಂಡವು. ಹಾಳೆಯ ಪಾಲು ಆ ಮೊತ್ತದಲ್ಲಿ ಅರ್ಧಕ್ಕಿಂತ ಕಡಿಮೆ. ಹೊಸಬರು ಹಾಳೆಯ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ, ಕೊನೆಯ ವಾರದಲ್ಲಿ ಲೇಪನಕ್ಕೆ ಹಣವಿಲ್ಲದೆ ಒದ್ದಾಡುವುದನ್ನು ನೋಡಿದ್ದೇನೆ. ಹಾಗಾಗಿ ಎರಡು ಚದರ ಮೀಟರ್ ಹಾಳೆ ಹೆಚ್ಚು ಕೊಳ್ಳುವ ಬದಲು ಒಂದು ಡಬ್ಬಿ ಲೇಪನ ಹೆಚ್ಚು ಕೊಳ್ಳಿ. ಕತ್ತರಿಸಿ ಉಳಿದ ಚೂರುಗಳನ್ನು ಸುಡಬೇಡಿ, ಒಳಪಟ್ಟಿಗಳಿಗೂ ಬಣ್ಣದ ಪರೀಕ್ಷೆಗೂ ಅವು ಬೇಕಾಗುತ್ತವೆ.

ಇಡುವ ಜಾಗವನ್ನೂ ಮೊದಲೇ ಯೋಚಿಸಿಕೊಳ್ಳಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ತುಂಡು ತಿಂಗಳೊಳಗೆ ಚಪ್ಪಟೆಯಾಗುತ್ತದೆ. ನನ್ನ ಎದೆಕವಚ ಹಳೆಯ ದಿಂಬೊಂದನ್ನು ತುಂಬಿಕೊಂಡು ಬೀರುವಿನ ಮೇಲೆ ನಿಂತಿದೆ, ಎರಡು ವರ್ಷವಾದರೂ ಬೋಗುಣಿಯ ತಳದಲ್ಲಿ ಕೊಟ್ಟ ಭುಜದ ಬಾಗು ಹಾಗೆಯೇ ಇದೆ. ಮೊಣಕಾಲಿನ ಚಿಪ್ಪಿನಲ್ಲಿ ಮಾತ್ರ ಬಿಳಿ ಅಂಟಿನ ಲೇಪನ ಬಿರಿದು ಸಣ್ಣ ಗೆರೆಗಳಾಗಿವೆ. ಅಷ್ಟನ್ನು ಉಜ್ಜಿ ತೆಗೆದು, ಈ ಸಲ ರಬ್ಬರ್ ಲೇಪನ ಹಾಕಿ, ಮತ್ತೆ ಬಣ್ಣ ಬಳಿಯುವ ಕೆಲಸ ಮುಂದಿನ ಸ್ಪರ್ಧೆಗೆ ಬಾಕಿ ಇದೆ.